ಎರಡೋ ಮೂರೋ ವರ್ಷ

2015ರ ಅಕ್ಟೋಬರ್ 12, ಸೋಮವಾರ ಸಂಜೆ. ಅಮೆರಿಕದ ಕೊಲಂಬಿಯಾ ಊರಿನಲ್ಲಿ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಹೆಡ್ ಕೋಚ್ ಸ್ಟೀವ್ ಸ್ಪರಿಯರ್ ತಾವು ಹೊರಟಿರುವುದಾಗಿ ಹುಡುಗರಿಗೆ ತಿಳಿಸಿದರು. ಸೀಸನ್ನಿನ 12 ಪಂದ್ಯಗಳಲ್ಲಿ ಆರಷ್ಟೇ ಮುಗಿದಿದ್ದವು. ಗೆದ್ದದ್ದು ಎರಡು, ಸೋತದ್ದು ನಾಲ್ಕು. ಮರುದಿನ ಪತ್ರಕರ್ತರ ಮುಂದೆ 70 ವರ್ಷದ ಸ್ಪರಿಯರ್ ಒಂದು ಮಾತನ್ನು ಒತ್ತಿ ಹೇಳಿದರು: ಇದು ರಾಜೀನಾಮೆ, ನಿವೃತ್ತಿಯಲ್ಲ. ಹೇಗೂ ಹೋಗುವುದೇ ಆದರೆ ಎಳೆಯುತ್ತ ಕೂರುವುದೇಕೆ, ತಾನಿದ್ದಷ್ಟು ದಿನ ಮುಂದಿನ ವರ್ಷದ ಹುಡುಗರು ಕೈತಪ್ಪುತ್ತಾರೆ ಎನ್ನುವುದು ಅವರ ವಾದ. ನಡುನೀರಿನಲ್ಲಿ ಕೈಬಿಟ್ಟರು ಎನ್ನುವುದು ಊರಿನ ಅರ್ಧ ಜನರ ವಾದ.

ಹತ್ತು ವರ್ಷ ಕಳೆದರೂ ಈ ಜಗಳ ಮುಗಿದಿಲ್ಲ. ನನಗೆ ಮಾತ್ರ ಎರಡೂ ಕಡೆಯವರು ತಪ್ಪು ತಾರೀಖಿನ ಮೇಲೆ ಜಗಳವಾಡುತ್ತಿದ್ದಾರೆ ಅನಿಸುತ್ತದೆ. ಸ್ಪರಿಯರ್ ಹೋದದ್ದು ಆ ಅಕ್ಟೋಬರಿನಲ್ಲಲ್ಲ. ಅದಕ್ಕೂ ಹತ್ತು ತಿಂಗಳ ಹಿಂದೆ, ಬಾಯಿಂದ ಜಾರಿದ ಒಂದು ಲೆಕ್ಕದಲ್ಲಿ.

ಅದಕ್ಕೆ ಮೊದಲು ಆಟದ ಬಗ್ಗೆ ಎರಡು ಮಾತು. ಇದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡು, ಹೆಲ್ಮೆಟ್ಟು, ನಾಲ್ಕು ಪ್ರಯತ್ನಗಳಲ್ಲಿ 10 ಗಜ ಮುಂದೆ ಸಾಗಬೇಕಾದ ಲೆಕ್ಕ. ಎಂ.ಎಸ್. ಓದಲು ಹೋದ ನಮ್ಮ ಕಡೆಯ ಹುಡುಗರಿಗೆ ಮೊದಲ ಸೆಪ್ಟೆಂಬರಿನಲ್ಲೇ ಇದರ ಬಿಸಿ ತಟ್ಟುತ್ತದೆ: ಶನಿವಾರ ಕ್ಯಾಂಪಸ್ಸಿನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ಕಾಲೇಜು ಹುಡುಗರ ಆಟ ನೋಡಲು 80 ಸಾವಿರ ಜನ. ಕೊಲಂಬಿಯಾದ ವಿಲಿಯಮ್ಸ್-ಬ್ರೈಸ್ ಸ್ಟೇಡಿಯಮ್ಮಿನಲ್ಲಿ ಹಿಡಿಸುವುದೂ ಸುಮಾರು ಅಷ್ಟೇ.

ಸ್ಪರಿಯರ್ ಸಾಮಾನ್ಯ ಕೋಚ್ ಅಲ್ಲ. 1966ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಆಗಿ, ಅಂದರೆ ಚೆಂಡು ಎಸೆದು ಆಟ ನಡೆಸುವವನಾಗಿ, ಕಾಲೇಜು ಆಟದ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದವರು. ಅದೇ ಫ್ಲೋರಿಡಾಕ್ಕೆ 1990ರಲ್ಲಿ ಕೋಚ್ ಆಗಿ ಮರಳಿ 12 ಸೀಸನ್‌ಗಳಲ್ಲಿ 122 ಪಂದ್ಯ ಗೆಲ್ಲಿಸಿದರು. ಆರು ಸಲ ಎಸ್‌ಇಸಿ (ಅಮೆರಿಕದ ಆಗ್ನೇಯ ಭಾಗದ ವಿಶ್ವವಿದ್ಯಾಲಯಗಳ ಲೀಗ್) ಕಿರೀಟ, 1996ರ ಸೀಸನ್ನಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟ. ಚೆಂಡು ಹಿಡಿದು ಗುದ್ದಾಡಿಕೊಂಡು ಓಡುವುದೇ ಗಂಡಸ್ತನ ಎಂದುಕೊಂಡಿದ್ದ ಆ ವಲಯದಲ್ಲಿ ಎಸೆದು ಗೆಲ್ಲುವುದನ್ನು ಕಲಿಸಿದವರು. ಅವರ ಒಂದು ತಂತ್ರ ಇಂದಿಗೂ ವೃತ್ತಿಪರ ತಂಡಗಳ ಬಾಯಲ್ಲಿ 'ಮಿಲ್ಸ್' ಎಂದೇ ಓಡಾಡುತ್ತದೆ; ಅದನ್ನು ಓಡುತ್ತಿದ್ದ ಅರ್ನಿ ಮಿಲ್ಸ್ ಎಂಬ ಹುಡುಗನ ಹೆಸರದು. ಚೆಂಡು ಹಿಡಿಯಲು ಓಡುವ ಇಬ್ಬರಲ್ಲಿ ಒಳಗಿನ ರಿಸೀವರ್ ಹತ್ತು ಹದಿನೈದು ಗಜ ಓಡಿ ಮೈದಾನದ ನಡುವಿಗೆ ಅಡ್ಡ ತಿರುಗುತ್ತಾನೆ. ಹೊರಗಿನವನು ಅವನ ಬೆನ್ನ ಹಿಂದಿನಿಂದ ಗೋಲ್‌ಪೋಸ್ಟಿನ ಕಡೆಗೆ ಓರೆಯಾಗಿ ದೂರ ಓಡುತ್ತಾನೆ. ಎದುರಾಳಿಯ ಹಿಂಗಾವಲಿನ ಸೇಫ್ಟಿ ಒಳಗಿನವನ ಮೇಲೆ ನುಗ್ಗಿದರೆ ಚೆಂಡು ಅವನ ತಲೆಯ ಮೇಲಿಂದ ಹೋಗುತ್ತದೆ, ಹಿಂದೆಯೇ ನಿಂತರೆ ಒಳಗಿನವನ ಕೈಗೆ. ಒಬ್ಬನೇ ಒಬ್ಬನನ್ನು ಓದಿದರೆ ಸಾಕು. ಸರಳ ಅನಿಸುತ್ತದೆ, ಆದರೆ ಕ್ವಾರ್ಟರ್‌ಬ್ಯಾಕ್ ಆ ಸೇಫ್ಟಿಯನ್ನು ಕ್ಷಣಾರ್ಧ ತಡವಾಗಿ ಓದಿದರೆ ಅದೇ ಆಟದಲ್ಲಿ ಚೆಂಡು ಎದುರಾಳಿಯ ಪಾಲು. ಸ್ಪರಿಯರ್ ಕ್ವಾರ್ಟರ್‌ಬ್ಯಾಕ್‌ಗಳನ್ನು ಬಟ್ಟೆ ಬದಲಿಸಿದಂತೆ ಬದಲಿಸುತ್ತಿದ್ದುದಕ್ಕೆ ಕಾರಣ ಅವರ ಸಿಡುಕು ಒಂದೇ ಅಲ್ಲ, ಈ ತಂತ್ರಕ್ಕೆ ಬೇಕಾದ ಸಮಯಪ್ರಜ್ಞೆಯೂ ಹೌದು.

ವೃತ್ತಿಪರ ಲೀಗಿನಲ್ಲಿ ವಾಷಿಂಗ್ಟನ್ ತಂಡದ ಜೊತೆ ಎರಡು ಸೀಸನ್ ಏಗಿ, 12 ಗೆದ್ದು 20 ಸೋತು, ಅವರು 2005ರಲ್ಲಿ ಸೌತ್ ಕೆರೊಲಿನಾಕ್ಕೆ ಬಂದರು. ಅಲ್ಲಿಯವರೆಗೆ ಆ ಶಾಲೆಯ, ಅಂದರೆ ವಿಶ್ವವಿದ್ಯಾಲಯದ, ಇತಿಹಾಸದಲ್ಲಿ ಒಂದು ಸೀಸನ್ನಿಗೆ 10 ಗೆಲುವು ಕಂಡದ್ದು ಒಂದೇ ಸಲ, 1984ರಲ್ಲಿ. ಸ್ಪರಿಯರ್ 2010ರಲ್ಲಿ ಅಗ್ರಸ್ಥಾನದಲ್ಲಿದ್ದ ಅಲಬಾಮಾವನ್ನು 35-21ರಿಂದ ಸೋಲಿಸಿದರು, ಅದೇ ವರ್ಷ ಎಸ್‌ಇಸಿಯ ಪೂರ್ವ ವಿಭಾಗ ಗೆದ್ದರು. 2011, 2012, 2013, ಮೂರು ವರ್ಷವೂ 11 ಗೆಲುವು, ಎರಡೇ ಸೋಲು.

ಆ ಮೂರು ವರ್ಷಗಳ ಹಿಂದಿದ್ದದ್ದು ತಂತ್ರಕ್ಕಿಂತ ಹೆಚ್ಚಾಗಿ ನೆಲದ ಹುಡುಗರು. ಆಲ್ಶಾನ್ ಜೆಫ್ರಿ ಮತ್ತು ಸ್ಟೀಫನ್ ಗಿಲ್ಮೋರ್ 2009ರಲ್ಲಿ ಬಂದರು, ಮಾರ್ಕಸ್ ಲ್ಯಾಟಿಮೋರ್ 2010ರಲ್ಲಿ, ಜೇಡೇವಿಯನ್ ಕ್ಲೌನಿ 2011ರಲ್ಲಿ. ನಾಲ್ವರೂ ಅದೇ ರಾಜ್ಯದವರು. ಮೊದಲಾಗಿದ್ದರೆ ಇಂಥ ಹುಡುಗರು ಪಕ್ಕದ ರಾಜ್ಯಗಳಿಗೋ ಬದ್ಧವೈರಿ ಕ್ಲೆಮ್ಸನ್‌ಗೋ ಹೋಗುವುದು ಹೊಸತೇನಲ್ಲ. ಈ ಬಾರಿ ಉಳಿದರು. ಒಂದು ಬೆಳೆ ಕೈಗೆ ಬರಲು ಎರಡು ಮೂರು ವರ್ಷ ಬೇಕು. 2009ರಲ್ಲಿ ಬಿತ್ತಿದ್ದನ್ನು 2011ರಲ್ಲಿ ಕೊಯ್ದರು.

ಇಲ್ಲೇ ಇಡೀ ವಿಷಯದ ಗಂಟು ಇರುವುದು. ಕಾಲೇಜು ಕೋಚ್ ಮಾರುವ ಸರಕು ಆಟವಲ್ಲ, ಮುಂದಿನ ನಾಲ್ಕು ವರ್ಷ. 17 ವರ್ಷದ ಹುಡುಗನ ಮನೆಯಲ್ಲಿ, ಅವನ ತಾಯಿ ಮಾಡಿಟ್ಟ ಊಟದ ಎದುರು ಕೂತು, ನಿಮ್ಮ ಮಗ ಪದವಿ ಮುಗಿಸುವವರೆಗೆ ನಾನಿರುತ್ತೇನೆ ಎನ್ನಬೇಕು. ಹುಡುಗ ಬರುತ್ತೇನೆ ಎಂದು ಬಾಯಲ್ಲಿ ಒಪ್ಪಿದರೆ ಅದಕ್ಕೆ ಬೆಲೆಯಿಲ್ಲ, ಸಹಿ ಹಾಕುವವರೆಗೆ ಯಾವಾಗ ಬೇಕಾದರೂ ಮನಸ್ಸು ಬದಲಿಸಬಹುದು. ಆಗಿನ ನಿಯಮದಲ್ಲಿ ಸಹಿಯ ದಿನ ಫೆಬ್ರವರಿಯ ಮೊದಲ ಬುಧವಾರ. ಆಗ ತಂಡಕ್ಕೆ ಒಟ್ಟು 85 ಸ್ಕಾಲರ್‌ಶಿಪ್, ವರ್ಷಕ್ಕೆ ಹೊಸದಾಗಿ 25 ಜನ. ಒಂದು ವರ್ಷದ 25 ಜನ ಸೊರಗಿದರೆ ಆ ಗುಂಡಿ ನಾಲ್ಕು ವರ್ಷ ಕಾಣುತ್ತದೆ.

2014ರ ಸೀಸನ್ ಕೆಟ್ಟದಾಗಿ ಹೋಯಿತು. ಮೊದಲ ಪಂದ್ಯದಲ್ಲೇ ಟೆಕ್ಸಸ್ ಎ ಅಂಡ್ ಎಂ ತಂಡ ಸೌತ್ ಕೆರೊಲಿನಾವನ್ನು ಅದರ ಮನೆಯಂಗಳದಲ್ಲೇ 52-28ರಿಂದ ಬಡಿದು ಸತತ 18 ತವರು ಗೆಲುವುಗಳ ಸರಣಿ ಮುರಿಯಿತು. ಮಿಸೌರಿ, ಕೆಂಟಕಿ, ಟೆನೆಸ್ಸಿ ವಿರುದ್ಧ ಕೊನೆಯ ಕ್ವಾರ್ಟರಿನಲ್ಲಿ 13, 14 ಅಂಕ ಮುಂದಿದ್ದೂ ಸೋತರು. ಕೊನೆಗೆ 7 ಗೆಲುವು, 6 ಸೋಲು. ಆ ಚಳಿಗಾಲದಲ್ಲಿ ಇನ್ನೆಷ್ಟು ವರ್ಷ ಇರುತ್ತೀರಿ ಎಂಬ ಪ್ರಶ್ನೆಗೆ ಸ್ಪರಿಯರ್ ಕೊಟ್ಟ ಉತ್ತರ: ಎರಡೋ ಮೂರೋ ವರ್ಷ.

ಪ್ರಾಮಾಣಿಕ ಉತ್ತರ. 69 ವರ್ಷದವರೊಬ್ಬರು ಹೇಳಬಹುದಾದ ಸಹಜ ಉತ್ತರ. ಆದರೆ ಎದುರಾಳಿ ಕೋಚ್‌ಗಳಿಗೆ ಇದಕ್ಕಿಂತ ಒಳ್ಳೆಯ ಆಯುಧ ಬೇಕಿರಲಿಲ್ಲ. ನೀನು ಸೇರುವುದು ನಾಲ್ಕು ವರ್ಷಕ್ಕೆ, ಅವರಿರುವುದು ಎರಡು ವರ್ಷ ಎಂದು ಹುಡುಗನ ಮುಂದೆ ಕೂಡಿ ಕಳೆದು ತೋರಿಸಿದರೆ ಆಯಿತು. ಸ್ಪರಿಯರ್ ಆಮೇಲೆ ನಾಲ್ಕೈದು ವರ್ಷ ಎಂದು ತಿದ್ದಿಕೊಂಡರು. ಆ ಮಾತು ರಿಕ್ರೂಟಿಂಗಿಗೆ, ಅಂದರೆ ಹುಡುಗರನ್ನು ಸೆಳೆದು ತರುವ ಕೆಲಸಕ್ಕೆ, ಪೆಟ್ಟು ಕೊಟ್ಟಿತೆಂದು ತಾವೇ ಒಪ್ಪಿಕೊಂಡರು. 2015ರ ಜುಲೈನಲ್ಲಿ ಪತ್ರಕರ್ತರನ್ನು ಕರೆದು, ನಾನೆಲ್ಲೂ ಹೋಗುತ್ತಿಲ್ಲ ಎಂದು ತಮ್ಮ ವೈರಿಗಳ ಹೆಸರೆತ್ತದೆ ಬೈದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲ ಇಲ್ಲ ಎಂದು ಸಭೆ ಕರೆದು ಹೇಳುವ ಹೊತ್ತಿಗೆ ಹೌದು ಎಂಬುದು ಎಲ್ಲರಿಗೂ ಗೊತ್ತಾಗಿರುತ್ತದೆ.

ಆ ಸೀಸನ್ ಶುರುವಾದಾಗ ಕ್ವಾರ್ಟರ್‌ಬ್ಯಾಕ್ ಕಾನರ್ ಮಿಚ್. ಎರಡನೇ ಪಂದ್ಯದಲ್ಲೇ ಪೆಟ್ಟು ತಿಂದು ಹೊರಗೆ. ಅವನ ಜಾಗಕ್ಕೆ, ಸ್ಕಾಲರ್‌ಶಿಪ್ ಇಲ್ಲದೆ ತಂಡಕ್ಕೆ ಬಂದಿದ್ದ ಪೆರಿ ಆರ್ತ್; ಆಮೇಲೆ ಮೊದಲ ವರ್ಷದ ಹುಡುಗ ಲೊರೆಂಜೊ ನುನ್ಯೆಸ್. ಸೇಫ್ಟಿಯನ್ನು ಓದುವುದರ ಮೇಲೆ ಕಟ್ಟಿದ ತಂತ್ರ, ಓದಲು ಪಳಗಿದವರಿಲ್ಲ. ಡಿಫೆನ್ಸ್ ಇನ್ನೂ ಕಡೆ. ಜಾರ್ಜಿಯಾದ ಕ್ವಾರ್ಟರ್‌ಬ್ಯಾಕ್ ಗ್ರೇಸನ್ ಲ್ಯಾಂಬರ್ಟ್ ಇವರ ವಿರುದ್ಧ 25 ಸಲ ಎಸೆದು 24 ಸಲ ಸರಿಯಾದ ಕೈಗೇ ತಲುಪಿಸಿದ, ಅದು ರಾಷ್ಟ್ರೀಯ ದಾಖಲೆಯಾಯಿತು. ಅಂಕ 52-20. ಅಕ್ಟೋಬರ್ ಮೊದಲ ವಾರದಲ್ಲಿ ಸೌತ್ ಕೆರೊಲಿನಾ ಕಂಡರಿಯದ ಪ್ರವಾಹ. ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಜೊತೆ ಕೊಲಂಬಿಯಾದಲ್ಲಿ ಆಗಬೇಕಿದ್ದ ತವರು ಪಂದ್ಯವನ್ನು ಎದುರಾಳಿಯ ಊರಾದ ಬ್ಯಾಟನ್ ರೂಜ್‌ಗೇ ಹೋಗಿ ಆಡಬೇಕಾಯಿತು, 45-24ರ ಸೋಲು. ಅದಾಗಿ ಎರಡನೇ ದಿನದ ಸಂಜೆಯೇ ಮೇಲೆ ಹೇಳಿದ ಸೋಮವಾರ.

ಈಗ ಅವರ ವಾದವನ್ನೇ ತೂಗಿ ನೋಡೋಣ. ಬೇಗ ಹೋದರೆ ಶಾಲೆಗೆ ಹೊಸ ಕೋಚ್ ಹುಡುಕಲು ಸಮಯ ಸಿಗುತ್ತದೆ. ಕಾಗದದ ಮೇಲೆ ನಿಜ. ಆದರೆ ಬೇಕಾದ ಕೋಚ್‌ಗಳೆಲ್ಲ ಆ ಹೊತ್ತಿನಲ್ಲಿ ಬೇರೆ ಕಡೆ ತಂಡ ಆಡಿಸುತ್ತಿರುತ್ತಾರೆ. ನವೆಂಬರ್ ಕೊನೆಯವರೆಗೆ ಅವರು ಬಾಯಿ ಬಿಡುವಂತಿಲ್ಲ, ಬಿಟ್ಟರೆ ಅವರ ತಂಡವೇ ಒಡೆಯುತ್ತದೆ. ಸಿಕ್ಕ ಆರೇಳು ವಾರಗಳಲ್ಲಿ ಅಥ್ಲೆಟಿಕ್ ಡೈರೆಕ್ಟರ್ ಮಾಡಬಹುದಾದದ್ದು ಪಟ್ಟಿ ಬರೆಯುವುದು, ಏಜೆಂಟರ ಜೊತೆ ಫೋನಿನಲ್ಲಿ ಪಿಸುಗುಡುವುದು, ದಾನಿಗಳಿಂದ ಹಣ ಹೊಂದಿಸುವುದು, ಅಷ್ಟೇ. ಆ ವರ್ಷವಂತೂ ಸಂತೆ ತುಂಬಿತ್ತು: ಮೇರಿಲ್ಯಾಂಡ್ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ಅದೇ ವಾರ ಕೋಚ್‌ಗಳನ್ನು ತೆಗೆದವು, ಮಯಾಮಿ ತಿಂಗಳ ಕೊನೆಗೆ, ಜಾರ್ಜಿಯಾ ನವೆಂಬರ್ ಕೊನೆಗೆ. ಸೌತ್ ಕೆರೊಲಿನಾ ವಿಲ್ ಮಸ್ಚಾಂಪ್ ಹೆಸರು ಹೇಳಿದ್ದು ಡಿಸೆಂಬರ್ ಮೊದಲ ವಾರದಲ್ಲಿ. ಸ್ಪರಿಯರ್ ಕೊನೆಯ ಪಂದ್ಯ ಮುಗಿಸಿ ಹೋಗಿದ್ದರೂ ಇದೇ ಹೊತ್ತಿಗೆ ಆಗುತ್ತಿದ್ದ ಕೆಲಸ.

ಇತ್ತ ತಂಡದ ಒಳಗೆ ಏನಾಗುತ್ತದೆ? ಹಂಗಾಮಿ ಕೋಚ್ ಆದವರು ಶಾನ್ ಎಲಿಯಟ್, ಆಫೆನ್ಸಿವ್ ಲೈನ್, ಅಂದರೆ ಎದುರಾಳಿಯನ್ನು ತಡೆದು ಕ್ವಾರ್ಟರ್‌ಬ್ಯಾಕನ್ನು ಕಾಯುವ ಐವರ ಸಾಲಿನ, ಕೋಚ್. ಆಗಿನ ನಿಯಮದ ಪ್ರಕಾರ ಹೆಡ್ ಕೋಚ್ ಮತ್ತು ಒಂಬತ್ತು ಸಹಾಯಕರು, ಒಟ್ಟು ಹತ್ತೇ ಜನ ಕಲಿಸಬಹುದು. ಒಬ್ಬರು ಹೋದರೆ ಒಂಬತ್ತು ಜನರ ಮೇಲೆ ಹತ್ತು ಜನರ ಕೆಲಸ. ಹುಡುಗರ ಜೊತೆ ಕಳೆಯಲು ವಾರಕ್ಕೆ 20 ಗಂಟೆ, ಅದರಲ್ಲೂ ಒಂದು ದಿನ ಕಡ್ಡಾಯ ರಜೆ. ಭಾನುವಾರ ಹಳೆಯ ಪಂದ್ಯದ ಫಿಲ್ಮ್, ಮುಂದಿನ ಎದುರಾಳಿಯ ನಾಲ್ಕೈದು ಪಂದ್ಯಗಳ ಕತ್ತರಿಸಿದ ತುಣುಕುಗಳು. ಮಂಗಳವಾರ, ಬುಧವಾರ ಪೂರ್ತಿ ಕವಚ ಹಾಕಿ ಅಭ್ಯಾಸ. ಗುರುವಾರದಿಂದ ಮೈ ಹಗುರ. ಸೋಮವಾರ ರಾತ್ರಿ ಕೋಚ್ ಹೋದರೆ ಹೊಸದೇನನ್ನಾದರೂ ಕಲಿಸಲು ಉಳಿಯುವುದು ಆ ಎರಡು ಮಧ್ಯಾಹ್ನಗಳು ಮಾತ್ರ. ಹಾಗಾಗಿ ಬುದ್ಧಿಯಿರುವ ಹಂಗಾಮಿ ಕೋಚ್ ಹೊಸದೇನನ್ನೂ ಸೇರಿಸುವುದಿಲ್ಲ, ಇರುವುದರಲ್ಲೇ ಕಳೆಯುತ್ತಾನೆ. ನೂರು ಆಟಗಳ ಪಟ್ಟಿಯನ್ನು ಹುಡುಗರು ಕಣ್ಣುಮುಚ್ಚಿ ಮಾಡಬಲ್ಲ ನಲವತ್ತಕ್ಕೆ ಇಳಿಸುವುದು ಮೊದಲ ಕೆಲಸ.

ಎರಡನೆಯದು ದನಿ. ಸ್ಪರಿಯರ್ ಆಟಗಳನ್ನು ತಾವೇ ಕರೆಯುತ್ತಿದ್ದವರು, ಅಂದರೆ ಪ್ರತಿ ಪ್ರಯತ್ನಕ್ಕೂ ಯಾವ ತಂತ್ರ ಎಂದು ತಾವೇ ಆರಿಸಿ ಹೇಳುತ್ತಿದ್ದವರು. ಕಾಲೇಜು ಆಟದಲ್ಲಿ ಹೆಲ್ಮೆಟ್ಟಿನೊಳಗೆ ರೇಡಿಯೊ ಬಂದದ್ದು 2024ರಲ್ಲಿ. ಅಲ್ಲಿಯವರೆಗೆ ಎಲ್ಲ ಸಂದೇಶವೂ ಅಂಚುಗೆರೆಯಿಂದ ಕೈಸನ್ನೆ, ಚಿತ್ರದ ಬೋರ್ಡುಗಳ ಮೂಲಕವೇ. ಒಂದು ಪ್ರಯತ್ನಕ್ಕೂ ಇನ್ನೊಂದಕ್ಕೂ ನಡುವೆ ಗಡಿಯಾರದಲ್ಲಿ 40 ಸೆಕೆಂಡು. ಹಾಳೆ ನೋಡಿ ಆರಿಸಬೇಕು, ಹೆಡ್‌ಸೆಟ್ಟಿನಲ್ಲಿ ಹೇಳಬೇಕು, ಸನ್ನೆ ಮಾಡಬೇಕು, ಕ್ವಾರ್ಟರ್‌ಬ್ಯಾಕ್ ಅದನ್ನು ಹತ್ತು ಜನಕ್ಕೆ ದಾಟಿಸಿ, ಎದುರಿನ ಸಾಲು ನೋಡಿ, ಬೇಕಾದರೆ ಬದಲಿಸಬೇಕು. ಕರೆಯುವವರು ಬದಲಾದ ಮೊದಲ ಪಂದ್ಯದಲ್ಲಿ ಆಯ್ಕೆಗೇ ಐದಾರು ಸೆಕೆಂಡು ಹೆಚ್ಚು ಹಿಡಿಯುತ್ತದೆ. ಆ ಐದಾರು ಸೆಕೆಂಡೇ ಐದು ಗಜದ ದಂಡವಾಗಿಯೋ, ಮೊದಲಾರ್ಧದಲ್ಲೇ ಮುಗಿದುಹೋದ ಟೈಮ್‌ಔಟ್‌ಗಳಾಗಿಯೋ ಹೊರಬರುತ್ತದೆ. ಲೈನ್ ಕೋಚ್ ಹಂಗಾಮಿ ಆದರೆ ಇನ್ನೊಂದು ತೊಡಕು: ಪ್ರತಿ ಸರದಿ ಮುಗಿದಾಗ ಬೆಂಚಿನ ಮೇಲೆ ತನ್ನ ಐವರ ಜೊತೆ ಕೂತು ಯಾರನ್ನು ಯಾರು ತಡೆಯಬೇಕಿತ್ತು ಎಂದು ತಿದ್ದಬೇಕಾದವನು ಈಗ ನಿಂತು ಪಂಟ್ ಮಾಡಬೇಕೋ (ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡಬೇಕೋ) ಬೇಡವೋ ಎಂದು ತೀರ್ಮಾನಿಸುತ್ತಿರುತ್ತಾನೆ.

ಎಲಿಯಟ್ ಮೊದಲ ಪಂದ್ಯ ಗೆದ್ದರು, ವ್ಯಾಂಡರ್‌ಬಿಲ್ಟ್ ವಿರುದ್ಧ 19-10. ಆಮೇಲೆ ಐದೂ ಸೋಲು: ಟೆಕ್ಸಸ್ ಎ ಅಂಡ್ ಎಂಗೆ 7 ಅಂಕದಿಂದ, ಟೆನೆಸ್ಸಿಗೆ 3, ಫ್ಲೋರಿಡಾಗೆ 10, ಕೆಳದರ್ಜೆಯ ಸಿಟಾಡೆಲ್‌ಗೆ 1, ಕ್ಲೆಮ್ಸನ್‌ಗೆ 5. ಸೀಸನ್ ಮುಗಿದದ್ದು 3 ಗೆಲುವು, 9 ಸೋಲಿಗೆ. ಜನ ನೆನಪಿಡುವುದು ಸಿಟಾಡೆಲ್ ಕೈಲಿ ಸೋತ ಮಾನಭಂಗವನ್ನು. ನಾನು ಇನ್ನೊಂದು ಲೆಕ್ಕ ನೋಡುತ್ತೇನೆ. ಸ್ಪರಿಯರ್ ಇದ್ದಾಗಿನ ನಾಲ್ಕು ಸೋಲುಗಳ ಒಟ್ಟು ಅಂತರ 71 ಅಂಕ. ಎಲಿಯಟ್‌ರ ಐದು ಸೋಲುಗಳದ್ದು 26. ಅಂದರೆ ಹುಡುಗರು ಕೈಚೆಲ್ಲಿರಲಿಲ್ಲ. ಕೊನೆಯ ಹತ್ತು ನಿಮಿಷದಲ್ಲಿ ಪಂದ್ಯ ಗೆಲ್ಲಿಸುವುದು ಹೇಗೆಂದು ಗೊತ್ತಿದ್ದ ಯಾರಾದರೂ ಅಂಚುಗೆರೆಯಲ್ಲಿ ಇದ್ದಿದ್ದರೆ ಎರಡಾದರೂ ತಿರುಗುತ್ತಿದ್ದವು. ಹಾಗೆ ಗೊತ್ತಿದ್ದವರು ಮನೆಯಲ್ಲಿದ್ದರು. ಸ್ಪರಿಯರ್ ಮೇಲೆ ನನಗಿರುವ ಆಕ್ಷೇಪ ಇದೊಂದೇ: ಮುಂದೆ ಬರಲಿರುವ 25 ಹುಡುಗರ ಲೆಕ್ಕ ಹಾಕುವಾಗ ಆಗಲೇ ಬಂದು ಕೂತಿದ್ದ 85 ಜನರನ್ನು ಬಿಟ್ಟುಬಿಟ್ಟರು.

ಅದೇ ಶರತ್ಕಾಲ ಇನ್ನೂ ಮೂರು ಬೀಳ್ಕೊಡುಗೆ ಕಂಡಿತು. ಅಕ್ಟೋಬರ್ 28ರಂದು ಮಿನೆಸೋಟದ ಜೆರ್ರಿ ಕಿಲ್ ಅಳುತ್ತ ರಾಜೀನಾಮೆ ಕೊಟ್ಟರು. ಮೂರ್ಛೆರೋಗ ಹಿಡಿತಕ್ಕೆ ಬರುತ್ತಿರಲಿಲ್ಲ. ಇವರನ್ನು ಯಾರೂ ದೂರಲಿಲ್ಲ, ದೂರಲೂಬಾರದು. ಅವರ ಜಾಗಕ್ಕೆ ಬಂದ ಟ್ರೇಸಿ ಕ್ಲೇಯ್ಸ್ ಸುಮಾರು 20 ವರ್ಷ ಕಿಲ್ ನೆರಳಿನಲ್ಲೇ ಇದ್ದವರು, 2013ರಲ್ಲಿ ಕಿಲ್ ರಜೆಯಲ್ಲಿದ್ದಾಗ ತಂಡ ನಡೆಸಿದವರು. ಇಷ್ಟು ಪಳಗಿದ್ದರೂ ಮೂರೇ ದಿನದ ನಂತರ ಮಿಶಿಗನ್ ವಿರುದ್ಧ ಏನಾಯಿತು ನೋಡಿ. ಮೂರು ಅಂಕ ಹಿಂದೆ, ಚೆಂಡು ಗೋಲ್ ಗೆರೆಯಿಂದ ಅರ್ಧ ಗಜದಲ್ಲಿ, ಗಡಿಯಾರದಲ್ಲಿ 19 ಸೆಕೆಂಡು. ಎರಡು ಮೂರು ಪ್ರಯತ್ನಕ್ಕೆ ಸಾಕಾಗುವ ಸಮಯ. ಆದರೆ ಆಟಗಾರರನ್ನು ಅತ್ತಿತ್ತ ಸರಿಸುತ್ತ ಗಡಿಯಾರ ಓಡಲು ಬಿಟ್ಟು ಒಂದು ಪಾಸ್ ಎಸೆದರು, ಗುರಿ ತಪ್ಪಿತು, ಉಳಿದದ್ದು ಎರಡೇ ಸೆಕೆಂಡು. ಕೊನೆಯ ತಳ್ಳಾಟದಲ್ಲಿ ಕ್ವಾರ್ಟರ್‌ಬ್ಯಾಕ್ ಗೆರೆ ಮುಟ್ಟಲಿಲ್ಲ. 29-26. ಆಟ ಗೊತ್ತಿರುವುದು ಬೇರೆ, ಗಡಿಯಾರ ಕಣ್ಣೆದುರು ಕರಗುವಾಗ ಈಗ ಚೀರಬೇಕಾದ ದನಿ ತನ್ನದೇ ಎಂದು ನೆನಪಾಗುವುದು ಬೇರೆ.

ನವೆಂಬರ್ 1ರಂದು ವರ್ಜೀನಿಯಾ ಟೆಕ್‌ನ ಫ್ರಾಂಕ್ ಬೀಮರ್ 29ನೇ ಸೀಸನ್ನಿನ ನಡುವೆ, ವರ್ಷದ ಕೊನೆಗೆ ನಿವೃತ್ತಿ ಎಂದು ಹೇಳಿ ಕೆಲಸಕ್ಕೆ ಮರಳಿದರು. ನವೆಂಬರ್ 13ರಂದು ಮಿಸೌರಿಯ ಗ್ಯಾರಿ ಪಿಂಕೆಲ್, ಲಿಂಫೋಮಾ ಎಂಬ ಕ್ಯಾನ್ಸರ್ ಇದ್ದರೂ, ಹಾಗೆಯೇ ಮಾಡಿದರು. ಇಲ್ಲೂ ರಿಕ್ರೂಟಿಂಗ್ ಕಷ್ಟ ಇದ್ದೇ ಇತ್ತು, ಆದರೆ ಹುಡುಗರಿಗೆ ಶನಿವಾರ ಯಾರ ಮುಖ ನೋಡಬೇಕೆಂಬ ಗೊಂದಲ ಇರಲಿಲ್ಲ. ಬೀಮರ್ ಕೊನೆಯ ಪಂದ್ಯ 55-52ರ ಗೆಲುವು. ಆಗ ತಂದೆಯ ಸಹಾಯಕನಾಗಿದ್ದ ಮಗ ಶೇನ್ ಬೀಮರ್ ಅದಕ್ಕೂ ಮೊದಲು ಸ್ಪರಿಯರ್ ಕೈಕೆಳಗೆ ನಾಲ್ಕು ಸೀಸನ್ ದುಡಿದವರು. 2020ರ ನವೆಂಬರಿನಲ್ಲಿ ಸೌತ್ ಕೆರೊಲಿನಾ ಮಸ್ಚಾಂಪ್‌ರನ್ನು, ಮತ್ತದೇ ಸೀಸನ್ ನಡುವೆ, ಮನೆಗೆ ಕಳಿಸಿದ ಮೇಲೆ ಆ ಕುರ್ಚಿ ಸಿಕ್ಕಿದ್ದು ಶೇನ್‌ಗೆ.

ಈಗ ನಡುವೆ ಹೋಗುವುದು, ಕಳಿಸುವುದು ಮಾಮೂಲಿ. ನಿಯಮಗಳೇ ಹಾಗೆ ತಿರುಗಿವೆ. 2017ರಿಂದ ಡಿಸೆಂಬರಿನಲ್ಲೇ ಸಹಿ ಹಾಕುವ ಅವಕಾಶ ಬಂತು; ಫೆಬ್ರವರಿವರೆಗೆ ಕಾಯುವ ಮಾತಿಲ್ಲ. 2018ರಿಂದ ನಾಲ್ಕು ಪಂದ್ಯದವರೆಗೆ ಆಡಿದವನಿಗೂ, ಕಾಲೇಜಿನಲ್ಲಿ ಆಡಲು ಸಿಗುವ ನಾಲ್ಕು ವರ್ಷಗಳಲ್ಲಿ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಐದನೇ ಪಂದ್ಯಕ್ಕೆ ಮೊದಲು ಕೋಚ್ ಹೋದರೆ ಜಾಣ ಹುಡುಗ ಬೆಂಚಿನಲ್ಲಿ ಕೂತು ವರ್ಷ ಉಳಿಸಿಕೊಳ್ಳುತ್ತಾನೆ. ಸ್ಪರಿಯರ್ ಕಾಲದಲ್ಲಿ ಶಾಲೆ ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು, ಈಗ ಹೆಸರು ಬರೆಸಿ ಬೇರೆ ಶಾಲೆಗೆ ಹೋಗಿ ಕೂಡಲೇ ಆಡಲು ಟ್ರಾನ್ಸ್‌ಫರ್ ಪೋರ್ಟಲ್ ಇದೆ. ಕರಾರುಗಳ ಹಣವೂ ತಾರೀಖು ನಿರ್ಧರಿಸುತ್ತದೆ. 2022ರಲ್ಲಿ ನೆಬ್ರಾಸ್ಕಾ ಸ್ಕಾಟ್ ಫ್ರಾಸ್ಟ್‌ರನ್ನು ತೆಗೆದದ್ದು ಸೆಪ್ಟೆಂಬರ್ 11ಕ್ಕೆ. ಅಕ್ಟೋಬರ್ 1ರವರೆಗೆ ಕಾದಿದ್ದರೆ ಕೊಡಬೇಕಾದ 1.5 ಕೋಟಿ ಡಾಲರ್ ಅರ್ಧಕ್ಕೆ ಇಳಿಯುತ್ತಿತ್ತು. ಮೂರು ವಾರದ ಬೆಲೆ 75 ಲಕ್ಷ ಡಾಲರ್.

2021ರ ಅಕ್ಟೋಬರ್ 31ರಂದು ಟೆಕ್ಸಸ್ ಕ್ರಿಶ್ಚಿಯನ್‌ನ ಗ್ಯಾರಿ ಪ್ಯಾಟರ್ಸನ್ ಹೊರಟರು. 181 ಗೆಲುವು, ಸ್ಟೇಡಿಯಮ್ಮಿನ ಹೊರಗೆ ಅವರದೇ ಕಂಚಿನ ಪ್ರತಿಮೆ. ಸೀಸನ್ ಮುಗಿಸಿ ಎಂದು ಶಾಲೆ ಕೇಳಿತ್ತು, ಅವರು ಒಪ್ಪಲಿಲ್ಲ. ಸ್ಪರಿಯರ್ ವಾದವೇ: ಬದಲಾವಣೆ ಈಗಲೇ ಆಗಲಿ. ಹಂಗಾಮಿಯಾಗಿ ಬಂದವರು ಯಾರು ಗೊತ್ತೇ? ಜೆರ್ರಿ ಕಿಲ್. ಆರು ವರ್ಷದ ಹಿಂದೆ ತಾವೇ ನಡುವೆ ಎದ್ದು ಹೋಗಿದ್ದವರು. ಮುಂದಿನ ಶನಿವಾರ ಬೇಲರ್ ವಿರುದ್ಧ 30-28ರಿಂದ ಗೆದ್ದರು. ನವೆಂಬರ್ ಕೊನೆಗೆ ಸಾನಿ ಡೈಕ್ಸ್ ನೇಮಕವಾಗಿ, ಮರುವರ್ಷ ಅದೇ ತಂಡ ರಾಷ್ಟ್ರೀಯ ಫೈನಲ್ ತಲುಪಿತು. ಅಲ್ಲಿ ಜಾರ್ಜಿಯಾ ಕೈಲಿ 65-7ರಿಂದ ಪೆಟ್ಟು ತಿಂದದ್ದು ಬೇರೆ ಮಾತು.

ಎಲಿಯಟ್ ಹೊಸ ಕೋಚ್ ಕೈಕೆಳಗೆ ಇನ್ನೊಂದು ವರ್ಷ ಲೈನ್ ಕೋಚ್ ಆಗಿಯೇ ದುಡಿದು, ಆಮೇಲೆ ಜಾರ್ಜಿಯಾ ಸ್ಟೇಟ್ ತಂಡದ ಹೆಡ್ ಕೋಚ್ ಆದರು. ಸ್ಪರಿಯರ್ 2017ರಲ್ಲಿ ಕೋಚ್ ಆಗಿಯೂ ಹಾಲ್ ಆಫ್ ಫೇಮ್ ಸೇರಿದರು. ಆಟಗಾರನಾಗಿ ಮೊದಲೇ ಸೇರಿದ್ದರು. ನಿವೃತ್ತಿಯಲ್ಲ ಎಂದ ಮಾತನ್ನು ಉಳಿಸಿಕೊಂಡು 2019ರಲ್ಲಿ, 73ನೇ ವಯಸ್ಸಿನಲ್ಲಿ, ಹೊಸ ವೃತ್ತಿಪರ ಲೀಗಿನ ಒರ್ಲಾಂಡೊ ಅಪಾಲೋಸ್ ತಂಡಕ್ಕೆ ಕೋಚ್ ಆದರು. ಎಂಟು ಪಂದ್ಯದಲ್ಲಿ ಏಳು ಗೆಲುವು, ಲೀಗಿನಲ್ಲೇ ಮೊದಲ ಸ್ಥಾನ. ಏಪ್ರಿಲ್ 2ರಂದು ದುಡ್ಡಿಲ್ಲದೆ ಲೀಗೇ ಬಾಗಿಲು ಹಾಕಿತು. ಇನ್ನೂ ಎರಡು ವಾರದ ಪಂದ್ಯಗಳು ಬಾಕಿ ಇದ್ದವು.